ಎರಡು ನಾಡುಗಳ ನಡುವಿನ ಸೇನಾನಿ

ಎರಡನೆಯ ಮಹಾಯುದ್ಧದ ರಷ್ಯನ್ ಸೇನಾಪತಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಝುಕೋವ್ ಒಬ್ಬನೇ. ಊರಿನಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳನ್ನು ಓದಿ ಬೆಳೆದವರಿಗೆ ಇನ್ನೊಂದು ಹೆಸರೂ ಗೊತ್ತಿರಬಹುದು: ಕನ್‌ಸ್ತಾಂತಿನ್ ರೊಕೊಸ್ಸೋವ್ಸ್ಕಿ. ಆ ಪುಸ್ತಕಗಳು ಹೇಳಿದ್ದು ಆತನ ಅರ್ಧ ಕಥೆ ಮಾತ್ರ. ಉಳಿದರ್ಧವನ್ನೂ ಸೇರಿಸಿ ಈ ಸಲ ನೋಡೋಣ.

ರೊಕೊಸ್ಸೋವ್ಸ್ಕಿಯ ತಂದೆ ಪೋಲೆಂಡಿನವನು. ಆಗ ವಾರ್ಸಾ ನಗರ ರಷ್ಯದ ಝಾರ್‌ನ ಆಳ್ವಿಕೆಯಲ್ಲಿತ್ತು. ಹೆತ್ತವರನ್ನು ಬೇಗ ಕಳೆದುಕೊಂಡ ಹುಡುಗ ಅಲ್ಲೇ ಕಲ್ಲುಕುಟಿಗನಾಗಿ ದುಡಿದ. 1914ರಲ್ಲಿ ಝಾರ್‌ನ ಅಶ್ವದಳ ಸೇರಿದ, ಕ್ರಾಂತಿಯ ನಂತರ ಕೆಂಪು ಸೇನೆಗೆ ಬಂದ. ತಂದೆಯ ಹೆಸರು ಕ್ಸಾವೆರಿ. ರಷ್ಯನ್ನರ ನಾಲಿಗೆಗೆ ಅದು ತೊಡಕಾದ್ದರಿಂದ ತಂದೆಯ ಹೆಸರಿನ ಜಾಗದಲ್ಲಿ 'ಕನ್‌ಸ್ತಾಂತಿನೊವಿಚ್' ಎಂದು ಬರೆದುಕೊಂಡ. ಪರದೇಶಕ್ಕೆ ಬಂದು ಹೆಸರು ಮೊಟಕು ಮಾಡಿಕೊಂಡಿರುವ ನಮಗೆ ಇದೇನೂ ಹೊಸದಲ್ಲ!

ಹೆಸರು ಬದಲಾದರೂ ಹುಟ್ಟು ಬದಲಾಗಲಿಲ್ಲ. 1937ರ ಆಗಸ್ಟಿನಲ್ಲಿ, ಸ್ಟಾಲಿನ್ ತನ್ನ ಸೇನಾಧಿಕಾರಿಗಳನ್ನೇ ಬಲಿ ತೆಗೆದುಕೊಳ್ಳುತ್ತಿದ್ದಾಗ, ಪೋಲೆಂಡಿನ ಗೂಢಚಾರನೆಂಬ ಆರೋಪದ ಮೇಲೆ ಈತನನ್ನೂ ಸೆರೆಗೆ ತಳ್ಳಿದರು. ಚಿತ್ರಹಿಂಸೆಯಲ್ಲಿ ಹಲ್ಲು ಉದುರಿದವು, ಪಕ್ಕೆಲುಬು ಮುರಿದವು. 1940ರ ಮಾರ್ಚಿನಲ್ಲಿ ಬಿಡುಗಡೆಯಾಯಿತು. ಮರುವರ್ಷವೇ ಜರ್ಮನ್ನರು ನುಗ್ಗಿದಾಗ ಮಾಸ್ಕೋ ಹೊರವಲಯದಲ್ಲಿ 16ನೇ ಸೇನೆಯೊಡನೆ ಅವರಿಗೆ ಅಡ್ಡನಿಂತವನು ಇವನೇ. ಸ್ಟಾಲಿನ್‌ಗ್ರಾಡಿನಲ್ಲಿ ಮುತ್ತಿಗೆಗೆ ಸಿಕ್ಕ ಜರ್ಮನ್ ಸೇನೆಯನ್ನು ಮುಗಿಸಿದ್ದು ಈತನ ಡಾನ್ ಫ್ರಂಟ್. 1943ರ ಜನವರಿ 31ರಂದು ಫೀಲ್ಡ್ ಮಾರ್ಷಲ್ ಪಾವುಲಸ್ ಸೆರೆಯಾದ.

1944ರ ಮೇ ತಿಂಗಳ ಸಭೆಯೊಂದನ್ನು ರೊಕೊಸ್ಸೋವ್ಸ್ಕಿ ತನ್ನ ಆತ್ಮಕಥನದಲ್ಲಿ ನೆನೆದಿದ್ದಾನೆ. ಬೆಲರೂಸಿನ ಜೌಗುನೆಲದಲ್ಲಿ ಒಂದೇ ದಿಕ್ಕಿನಿಂದ ಬಲವಾಗಿ ಹೊಡೆಯಬೇಕೆಂದು ಮೇಲಿನವರ ಪಟ್ಟು. ಅಲ್ಲ, ಎರಡು ದಿಕ್ಕಿನಿಂದ ಎಂದು ಈತನ ವಾದ. ಪಕ್ಕದ ಕೋಣೆಗೆ ಹೋಗಿ ಯೋಚಿಸಿ ಬಾ ಎಂದು ಎರಡು ಸಲ ಕಳಿಸಿದರೂ ಅದೇ ಉತ್ತರ ತಂದ. ಕೊನೆಗೆ ಸ್ಟಾಲಿನ್ ಒಪ್ಪಿದ. ಸೆರೆಮನೆಯ ರುಚಿ ಕಂಡವನು ಅದೇ ಸ್ಟಾಲಿನ್ ಎದುರು ಹೀಗೆ ನಿಂತನೆಂಬುದನ್ನು ಗಮನಿಸಬೇಕು. ಜೌಗಿನ ಮೇಲೆ ಮರದ ದಿಮ್ಮಿ ಹಾಸಿ ಟ್ಯಾಂಕುಗಳನ್ನು ದಾಟಿಸಿದರು. ಜೂನ್ 29ರಂದು ಬೊಬ್ರೂಯಿಸ್ಕ್ ಬಿಡುಗಡೆಯಾಯಿತು. ಅಂದೇ ಆತನಿಗೆ ಮಾರ್ಷಲ್ ಪದವಿ.

ಮುಂದಿನದು ಕಹಿ ಅಧ್ಯಾಯ. ಆಗಸ್ಟ್ 1ರಂದು ವಾರ್ಸಾದ ಜನ ಜರ್ಮನ್ನರ ವಿರುದ್ಧ ದಂಗೆಯೆದ್ದರು. ಈತನ ಪಡೆಗಳು ನಗರದ ಹತ್ತಿರವೇ ಇದ್ದವು. ದಣಿದಿದ್ದವು, ಪ್ರತಿದಾಳಿಗೂ ಸಿಕ್ಕಿದ್ದವು, ನಿಜ. ಆದರೆ ಆಗಸ್ಟ್ 25ರ ವೇಳೆಗೆ ಮುನ್ನುಗ್ಗಬಹುದೆಂದು ಝುಕೋವ್ ಮತ್ತು ಈತ ಸೇರಿ ಕೊಟ್ಟ ಯೋಜನೆಗೆ ಸ್ಟಾಲಿನ್ ಅಪ್ಪಣೆ ಕೊಡಲಿಲ್ಲ. 63 ದಿನಗಳಲ್ಲಿ ದಂಗೆ ಅಡಗಿತು, ಜರ್ಮನ್ನರು ನಗರವನ್ನು ನೆಲಸಮ ಮಾಡಿದರು. ತಾನು ಬೆಳೆದ ಊರು ಉರಿಯುತ್ತಿದ್ದುದನ್ನು ಈತ ನದಿಯ ಈಚೆಯಿಂದ ನೋಡಬೇಕಾಯಿತು.

1945ರ ಜೂನ್ 24ರಂದು ಮಾಸ್ಕೋದ ವಿಜಯ ಪೆರೇಡಿನ ನಾಯಕತ್ವ ಈತನದೇ. 1949ರಲ್ಲಿ ಸ್ಟಾಲಿನ್ ಇವನನ್ನು ಪೋಲೆಂಡಿಗೆ ರಕ್ಷಣಾ ಮಂತ್ರಿಯಾಗಿ ಕಳಿಸಿದ. ಹುಟ್ಟುನಾಡಿನ ಜನಕ್ಕೆ ಆತ ರಷ್ಯನ್ನರ ಆಳಾಗಿಯೇ ಕಂಡ. 1956ರಲ್ಲಿ ಪೋಜ್ನಾನ್ ಕಾರ್ಮಿಕರ ಮೇಲೆ ಸೇನೆ ಗುಂಡು ಹಾರಿಸಿದಾಗ ಮಂತ್ರಿ ಇವನೇ. ಅದೇ ವರ್ಷ ಮಾಸ್ಕೋಗೆ ಹಿಂತಿರುಗಬೇಕಾಯಿತು.

1968ರ ಆಗಸ್ಟಿನಲ್ಲಿ ತೀರಿಕೊಂಡ. ಚಿತಾಭಸ್ಮ ಕ್ರೆಮ್ಲಿನ್ ಗೋಡೆಯಲ್ಲಿದೆ. ಅದೇ ವರ್ಷ ಅಚ್ಚಾದ ಆತ್ಮಕಥನದಲ್ಲಿ ಸೆರೆಮನೆಯ ಸುದ್ದಿಯಿಲ್ಲ. ಕತ್ತರಿಸಿ ತೆಗೆದಿದ್ದ ಭಾಗಗಳು ಮತ್ತೆ ಸೇರಿ ಹೊರಬಂದದ್ದು 1997ರಲ್ಲಿ. ಮುಂದಿನ ಸಲ ಊರಿಗೆ ಹೋದಾಗ ಕಪಾಟಿನಲ್ಲಿ ಹಳೆಯ ಸೋವಿಯತ್ ಪುಸ್ತಕಗಳಿದ್ದರೆ ಮತ್ತೊಮ್ಮೆ ತೆಗೆದು ನೋಡೋಣ. ಬರೆದದ್ದರ ಜೊತೆಗೆ ಬರೆಯದೆ ಬಿಟ್ಟದ್ದನ್ನೂ ಓದಿಕೊಳ್ಳೋಣ.