‘ಬೆಳ್ಳಿಮೋಡ’ದ ಸಂಗೀತ ಯಾರ ಪರ?

ಖಡಕಿಯಿಂದ ಮಾತಾಡ್ತಾ ಇದ್ದೀನಿ. ದಿನಾ ಹಿಂಜವಡಿಗೆ ಓಡಾಡೋ ನಮ್ಮಂಥವರಿಗೆ ಇವತ್ತಿನ ವಿಷಯ ಸ್ವಲ್ಪ ಚುಚ್ಚಬಹುದು. 1967ರ ‘ಬೆಳ್ಳಿಮೋಡ’ ಮತ್ತು ಅದರ ಸಂಗೀತ.

ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಮೊದಲ ಕನ್ನಡ ಚಿತ್ರ ಇದು. ಮೂಲ ತ್ರಿವೇಣಿಯವರ ಕಾದಂಬರಿ. ಚಿತ್ರ ನೋಡಲು ಅವರಿರಲಿಲ್ಲ, 1963ರಲ್ಲೇ ತೀರಿಕೊಂಡಿದ್ದರು. ಕಾಫಿ ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ, ಅಂದರೆ ಕಲ್ಪನಾ. ಅವಳನ್ನು ಮದುವೆಯಾಗಬೇಕಾದ ಮೋಹನ, ಅಂದರೆ ಕಲ್ಯಾಣ್‌ಕುಮಾರ್, ಭಾವಿ ಮಾವನ ದುಡ್ಡಲ್ಲಿ ಅಮೆರಿಕಕ್ಕೆ ಓದಲು ಹೋಗ್ತಾನೆ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ತಾನೆ. ಆಸ್ತಿ ಕೈತಪ್ಪಿತು ಅಂತ ಗೊತ್ತಾದ ಮೇಲೆ ಮೋಹನನ ಪ್ರೀತಿಯೂ ಕರಗುತ್ತೆ. ಮುಂದೆ ಅಪಘಾತವಾಗಿ ಅವಳ ಆರೈಕೆಯಲ್ಲೇ ಚೇತರಿಸಿಕೊಂಡು, ಮನಸ್ಸು ಬದಲಾಗಿ ಮತ್ತೆ ಕೇಳಿದಾಗ ಅವಳು ಒಲ್ಲೆ ಅಂತಾಳೆ.

ಆ ‘ಒಲ್ಲೆ’ ಹಿಂದಿನ ಸಂಕಟವನ್ನು ಕಾದಂಬರಿಯಲ್ಲಿ ಪುಟಗಟ್ಟಲೆ ಬರೀಬಹುದು. ಸಿನಿಮಾದಲ್ಲಿ ಹಾಗೆ ಹೇಳಿಸಿದ್ರೆ ಭಾಷಣ ಆಗಿಬಿಡುತ್ತೆ. ಮಾತಿಲ್ಲದ ಆ ಜಾಗ ತುಂಬೋದು ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಅವರ ಪಾಲಿಗೆ ಬಂತು.

ಆಗ ನಮ್ಮ ಚಿತ್ರಗಳ ರೆಕಾರ್ಡಿಂಗ್ ಬಹುಪಾಲು ಮದ್ರಾಸಿನಲ್ಲಿ ನಡೀತಿತ್ತು. ರೀರೆಕಾರ್ಡಿಂಗ್ ಅಂದ್ರೆ ಪರದೆ ಮೇಲೆ ರೀಲು ಓಡಿಸಿ, ದೃಶ್ಯದ ಅಳತೆಗೆ ಸರಿಯಾಗಿ ವಾದ್ಯದವರೆಲ್ಲ ಒಟ್ಟಿಗೆ ನುಡಿಸೋದು. ಒಬ್ಬರ ಕಮಾನು ತಪ್ಪಿದ್ರೆ ಎಲ್ಲರೂ ಮೊದಲಿಂದ ಶುರು. ನಮ್ಮ ಹಾಗೆ ‘ಅಂಡೂ’ ಒತ್ತೋ ಸೌಕರ್ಯ ಅವರಿಗಿರಲಿಲ್ಲ!

ಈ ಚಿತ್ರದಲ್ಲಿ ಬೇಂದ್ರೆಯವರ ‘ಬೆಳಗು’ ಕವಿತೆಯೂ ಇದೆ, ಎಸ್. ಜಾನಕಿ ದನಿಯಲ್ಲಿ. ಪುಣೆಯವರು ಗಮನಿಸಿ: ಬೇಂದ್ರೆ ಇಲ್ಲೇ ಫರ್ಗ್ಯುಸನ್ ಕಾಲೇಜಲ್ಲಿ ಓದಿ 1918ರಲ್ಲಿ ಪದವಿ ಪಡೆದವರು. ಧಾರವಾಡದ ಕವಿಯ ಬೆಳಗು ಮಲೆನಾಡಿನ ಬೆಟ್ಟಗಳ ಮೇಲೆ ಮೂಡೋ ಹಾಗೆ ಮಾಡಿದ್ದು ವಿಜಯಭಾಸ್ಕರ್ ರಾಗಸಂಯೋಜನೆ.

ನನಗನ್ನಿಸೋದು ಇಷ್ಟು. ಈ ಸಂಗೀತ ಊರಲ್ಲಿ ಉಳಿದವಳ ಪರ ನಿಂತಿದೆ. ಆ ಬೆಟ್ಟ, ಆ ಬೆಳಗು, ಆ ಮನೆ ಎಲ್ಲ ಇಂದಿರೆಯವು. ಮೋಹನ ವಾಪಸ್ ಬಂದರೂ ಅಲ್ಲಿ ಬರೀ ಅತಿಥಿ. ಹೊರಟು ಬಂದ ನಾವು ಈ ಚಿತ್ರವನ್ನು ‘ಕೈಕೊಟ್ಟ ಹುಡುಗನ ಕಥೆ’ ಅಂತ ಸುಲಭವಾಗಿ ನೋಡಿ ಮುಗಿಸ್ತೀವಿ. ಆದರೆ ನಮ್ಮ ಓದಿಗೆ, ಪ್ರಯಾಣಕ್ಕೆ ದುಡ್ಡು ಕೊಟ್ಟವರು, ಕಾದವರು ಯಾರು? ವಾಪಸ್ ಹೋದಾಗ ಅವರ ಮನಸ್ಸು ನಾವು ಬಿಟ್ಟಲ್ಲೇ ಇರುತ್ತಾ?

ವಿಜಯಭಾಸ್ಕರ್ ಮುಂದೆ ಪುಟ್ಟಣ್ಣನವರ ‘ಗೆಜ್ಜೆ ಪೂಜೆ’, ‘ಶರಪಂಜರ’, ‘ನಾಗರಹಾವು’ಗಳಿಗೂ ಸಂಗೀತ ಕೊಟ್ಟರು. ಬಷೀರರ ಕಥೆ ಆಧರಿಸಿ ಅಡೂರ್ ಗೋಪಾಲಕೃಷ್ಣನ್ ಮಾಡಿದ ‘ಮದಿಲುಗಳ್’ ಸಂಗೀತವೂ ಇವರದೇ. ಅಲ್ಲಿ ಜೈಲುಗೋಡೆಯ ಆಚೆಯಿರೋ ನಾಯಕಿಯ ಮುಖವೇ ಕಾಣಲ್ಲ, ದನಿ ಮಾತ್ರ. ಪ್ರೀತಿ ಮತ್ತು ದೂರದ ಕಥೆಗಳಿಗೆ ಈ ಮನುಷ್ಯನನ್ನೇ ಕರೀತಿದ್ದರು ಅನ್ಸುತ್ತೆ.

ಈ ವಾರಾಂತ್ಯ ‘ಬೆಳ್ಳಿಮೋಡ’ ನೋಡಿ. ಮಾತು ನಿಂತ ಕಡೆ ವಾಲ್ಯೂಮ್ ಸ್ವಲ್ಪ ಏರಿಸಿ.