ಮುಳ್ಳಿಲಿಗೆ ಹಾಲೆರೆದ ಕಥೆ

ಮೊದಲು ಹೆಸರಿನ ಗೊಂದಲ ಬಗೆಹರಿಸಿಬಿಡೋಣ. ಹೆಡ್ಜ್‌ಹಾಗ್ ಎಂಬ ಪ್ರಾಣಿಯನ್ನು ಕನ್ನಡದಲ್ಲಿ ಎಷ್ಟೋ ಸಲ 'ಮುಳ್ಳುಹಂದಿ' ಎಂದು ಬರೆದುಬಿಡುತ್ತಾರೆ. ಮುಳ್ಳುಹಂದಿ ಬೇರೆಯೇ. ಅದು ಹತ್ತು ಕಿಲೋಗೂ ಮೇಲೆ ತೂಗುವ, ಗೆಡ್ಡೆಗೆಣಸು ಅಗೆದು ತಿನ್ನುವ, ಉದ್ದ ಮುಳ್ಳಿನ ಪ್ರಾಣಿ. ನಾನು ಹೇಳಹೊರಟಿರುವುದು ಎರಡು ಅಂಗೈ ಸೇರಿಸಿದರೆ ಅದರಲ್ಲೇ ಕೂರುವ, ಹುಳು-ಜೀರುಂಡೆ ತಿನ್ನುವ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಪುಟ್ಟ ಪ್ರಾಣಿಯ ಬಗ್ಗೆ. ಮೂವತ್ತು ವರ್ಷದಿಂದ ಚೆನ್ನೈಯಲ್ಲಿರುವ ನನಗೆ ಈ ವಿಷಯದಲ್ಲಿ ತಮಿಳರೇ ಗುರುಗಳು. ಅವರು ದೊಡ್ಡದನ್ನು 'ಮುಳ್ಳಂಪನ್ರಿ' ಅಂತಾರೆ, ಚಿಕ್ಕದನ್ನು 'ಮುಳ್ಳೆಲಿ' ಅಂತಾರೆ. ಗೊಂದಲವೇ ಇಲ್ಲ. ನಾವೂ ಇದನ್ನು ಮುಳ್ಳಿಲಿ ಅನ್ನೋಣ. ಹಾಗೆ ನೋಡಿದರೆ ಇದು ಇಲಿಯ ಜಾತಿಯೂ ಅಲ್ಲ, ಆದರೆ ಹೆಸರು ಸಲೀಸಾಗಿದೆ.

ಈಗ ಮೊಬೈಲಿನಲ್ಲಿ ಇದರ ವೀಡಿಯೋ ನೋಡಿ "ನಮಗೂ ಒಂದು ಬೇಕು" ಎಂದು ಹಟ ಹಿಡಿಯುವ ಮಕ್ಕಳು ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇರಬಹುದು. ಇದೆಲ್ಲ ಇತ್ತೀಚಿನ ಹುಚ್ಚು ಅಂದುಕೊಂಡರೆ ತಪ್ಪು. ಮುಳ್ಳಿಲಿ ಮನುಷ್ಯನ ಮನೆಯೊಳಗೆ ಬಂದು ಎರಡು ಸಾವಿರ ವರ್ಷಕ್ಕೂ ಹೆಚ್ಚಾಯಿತು!

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಪಂಡಿತ ಅರಿಸ್ಟಾಟಲ್ ಪ್ರಾಣಿಗಳ ಬಗ್ಗೆ ಬರೆದ ಗ್ರಂಥದಲ್ಲಿ ಇದರ ಮಾತು ಬರುತ್ತದೆ. ಗಾಳಿಯ ದಿಕ್ಕು ಬದಲಾಗುವಾಗ ಕಾಡಿನ ಮುಳ್ಳಿಲಿಗಳು ತಮ್ಮ ಬಿಲದ ಬಾಯಿಯನ್ನು ಬದಲಿಸುತ್ತವಂತೆ. ಮನೆಯಲ್ಲಿ ಸಾಕಿದವು ಒಂದು ಗೋಡೆಯ ಬದಿಯಿಂದ ಇನ್ನೊಂದು ಗೋಡೆಗೆ ಜಾಗ ಬದಲಿಸುತ್ತವಂತೆ. ಬೈಜಾಂಟಿಯಮ್ ಊರಿನ ಒಬ್ಬಾತ ಇದನ್ನೇ ಗಮನಿಸಿಟ್ಟುಕೊಂಡು ಹವಾಮಾನ ಮೊದಲೇ ಹೇಳುತ್ತಿದ್ದನಂತೆ, ಅದರಿಂದ ಭಾರಿ ಹೆಸರನ್ನೂ ಮಾಡಿದನಂತೆ. ನಮ್ಮ ಹಳ್ಳಿಗಳಲ್ಲಿ ಇರುವೆ ಮೊಟ್ಟೆ ಹೊತ್ತು ಸಾಗುವುದನ್ನು ನೋಡಿ ಮಳೆ ಹೇಳುವವರಿದ್ದಾರಲ್ಲ, ಹಾಗೆ. ಈ ಕಥೆ ನಿಜವೋ ಸುಳ್ಳೋ, ಆ ಕಾಲಕ್ಕೇ ಮನೆಯಲ್ಲಿ ಮುಳ್ಳಿಲಿ ಇರುತ್ತಿತ್ತು ಎಂಬುದಂತೂ ಇದರಿಂದ ಗೊತ್ತಾಗುತ್ತದೆ.

ರೋಮನ್ನರಿಗೆ ಬೇಕಾಗಿದ್ದು ಇದರ ಚರ್ಮ. ಬಟ್ಟೆಯ ಮೇಲ್ಮೈಯನ್ನು ಬಾಚಿ ಹದಮಾಡಲು ಮುಳ್ಳಿನ ಸಮೇತ ಇರುವ ಚರ್ಮವನ್ನು ಬಳಸುತ್ತಿದ್ದರು. ಕ್ರಿಸ್ತಶಕ ಒಂದನೆಯ ಶತಮಾನದ ಪ್ಲಿನಿ ಹೇಳುವಂತೆ, ಈ ವ್ಯಾಪಾರವನ್ನು ಕೆಲವರೇ ಹಿಡಿದಿಟ್ಟುಕೊಂಡು ಲಾಭ ಹೊಡೆಯುತ್ತಿದ್ದರು. ಸೆನೆಟ್ ಸಭೆ ಇದರ ಮೇಲೆ ಮಾಡಿದಷ್ಟು ಠರಾವುಗಳನ್ನು ಬೇರಾವುದರ ಮೇಲೂ ಮಾಡಿರಲಿಲ್ಲವಂತೆ. ನೋಡಿ, ಕಾಳಸಂತೆಯೂ ಇಂದು ನಿನ್ನೆಯದಲ್ಲ!

ಇನ್ನು ಇಂಗ್ಲೆಂಡಿಗೆ ಬರೋಣ. ನನ್ನ ಮಟ್ಟಿಗೆ ನಿಜವಾದ ಕಥೆ ಶುರುವಾಗುವುದೇ ಇಲ್ಲಿ.

ರಾತ್ರಿ ಹೊತ್ತು ಹಸುಗಳು ಮಲಗಿರುವಾಗ ಮುಳ್ಳಿಲಿ ಬಂದು ಕೆಚ್ಚಲಿನಿಂದ ಹಾಲು ಕುಡಿದು ಹೋಗುತ್ತದೆ ಎಂದು ಅಲ್ಲಿನ ರೈತರು ಗಟ್ಟಿಯಾಗಿ ನಂಬಿದ್ದರು. ನಮ್ಮಲ್ಲಿ ಕೇರೆಹಾವಿನ ಮೇಲೆ ಇದೇ ಆರೋಪ ಇದೆ, ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. 1566ರಲ್ಲಿ ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಪಾರ್ಲಿಮೆಂಟು ಬೆಳೆ ರಕ್ಷಣೆಗೆಂದು ಒಂದು ಕಾಯ್ದೆ ಮಾಡಿತು. ಉಪದ್ರವದ ಪ್ರಾಣಿ-ಪಕ್ಷಿಗಳನ್ನು ಕೊಂದು ತಂದವರಿಗೆ ಇಷ್ಟಿಷ್ಟು ಎಂದು ಇನಾಮು ಗೊತ್ತುಮಾಡಿತು. ಆ ಪಟ್ಟಿಯಲ್ಲಿ ಮುಳ್ಳಿಲಿಯೂ ಇತ್ತು, ತಲೆಗೆ ಎರಡು ಪೆನ್ಸ್. ಮುಂದೆ ಬಹಳ ಕಾಲ ಊರೂರಿನ ಚರ್ಚಿನ ಲೆಕ್ಕದ ಪುಸ್ತಕಗಳಲ್ಲಿ ಈ ಖರ್ಚು ಬರೆದದ್ದು ಸಿಗುತ್ತದೆ. ಕುಡಿಯದ ಹಾಲಿಗೆ ತೆತ್ತ ದಂಡ, ಅಷ್ಟೇ.

ಮುನ್ನೂರು ವರ್ಷ ಕಳೆಯುವ ಹೊತ್ತಿಗೆ ಅದೇ ಇಂಗ್ಲೆಂಡಿನಲ್ಲಿ ಗಾಳಿ ತಿರುಗಿತು. ಲಂಡನ್ನಿನ ಅಡುಗೆಮನೆಗಳಲ್ಲಿ ಜಿರಳೆಯ ಕಾಟ. ರಾತ್ರಿ ಒಂದು ಮುಳ್ಳಿಲಿ ಬಿಟ್ಟರೆ ಅದು ಜಿರಳೆಗಳನ್ನೆಲ್ಲ ಮುಕ್ಕುತ್ತದೆ ಎಂದು ಜನ ಕಂಡುಕೊಂಡರು. ಲಂಡನ್ನಿನ ಬಡವರ ದುಡಿಮೆಯ ಬಗ್ಗೆ ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ 1851ರಲ್ಲಿ ತಂದ ದೊಡ್ಡ ಪುಸ್ತಕದಲ್ಲಿ ಬೀದಿಯಲ್ಲಿ ಮುಳ್ಳಿಲಿ ಮಾರುವವರೂ ಬರುತ್ತಾರೆ. ಕೊಂದರೆ ಇನಾಮು ಅನ್ನುತ್ತಿದ್ದವರು ಈಗ ಕಾಸು ಕೊಟ್ಟು ಮನೆಗೆ ತರತೊಡಗಿದರು. ಆದರೆ ಬೆಳಿಗ್ಗೆ ಎದ್ದ ಮನೆಯವರು ಪ್ರೀತಿಯಿಂದ ಅದಕ್ಕೆ ಏನು ಇಡುತ್ತಿದ್ದರು ಹೇಳಿ? ಬ್ರೆಡ್ಡು, ಹಾಲು!

ಈ ಪ್ರೀತಿಗೆ ಒಂದು ಮುಖ ಕೊಟ್ಟವಳು ಬೀಟ್ರಿಕ್ಸ್ ಪಾಟರ್. ಮಕ್ಕಳ ಕಥೆ ಬರೆದು, ಚಿತ್ರವನ್ನೂ ತಾನೇ ಬಿಡಿಸುತ್ತಿದ್ದ ಲೇಖಕಿ. ಅವಳ ಬಳಿ 'ಮಿಸೆಸ್ ಟಿಗ್ಗಿವಿಂಕಲ್' ಎಂಬ ಹೆಸರಿನ ಸಾಕಿದ ಮುಳ್ಳಿಲಿ ಇತ್ತು. ರೈಲಿನಲ್ಲೂ ಜೊತೆಗೆ ಕರೆದೊಯ್ಯುತ್ತಿದ್ದಳು. ಗೊಂಬೆಯ ಪುಟ್ಟ ಟೀ ಕಪ್ಪಿನಲ್ಲಿ ಹಾಲು ಕುಡಿಸುತ್ತಿದ್ದಳು. 1905ರಲ್ಲಿ ಅದೇ ಹೆಸರಿನ ಪುಸ್ತಕ ಬಂತು. ಅದರಲ್ಲಿ ಮುಳ್ಳಿಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಗಸಗಿತ್ತಿ. ಚಿತ್ರಕ್ಕಾಗಿ ನೆಟ್ಟಗೆ ಕೂರಿಸಿದರೆ ಮಾತ್ರ ನಿಜವಾದ ಟಿಗ್ಗಿ ಸ್ವಲ್ಪ ಹೊತ್ತಿಗೆ ಆಕಳಿಸಿ, ಆಮೇಲೆ ಕಚ್ಚುತ್ತಿತ್ತು ಎಂದು ಅವಳೇ ಬರೆದುಕೊಂಡಿದ್ದಾಳೆ. 1906ರಲ್ಲಿ ಅದು ಕಾಯಿಲೆ ಬಿದ್ದಾಗ, ನರಳಾಟ ನೋಡಲಾರದೆ ಕ್ಲೋರೋಫಾರಂ ಕೊಟ್ಟು ಕಳಿಸಿಕೊಟ್ಟಳು. ಆ ಹೆಂಗಸಿನ ಅಕ್ಕರೆಯ ಬಗ್ಗೆ ಅನುಮಾನವೇ ಬೇಡ. ಹಾಲು ಅದಕ್ಕೆ ಒಗ್ಗದು ಎಂದು ಆ ಕಾಲಕ್ಕೆ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಹೌದು, ಒಗ್ಗದು. ಹಾಲಿನ ಸಕ್ಕರೆ ಅಂಶವಾದ ಲ್ಯಾಕ್ಟೋಸನ್ನು ಬೆಳೆದ ಮುಳ್ಳಿಲಿಯ ಹೊಟ್ಟೆ ಅರಗಿಸಿಕೊಳ್ಳಲಾರದು. ಇಟ್ಟರೆ ಆಸೆಯಿಂದ ಕುಡಿಯುತ್ತದೆ, ಆಮೇಲೆ ಭೇದಿ ಹತ್ತುತ್ತದೆ. ಮೊದಲೇ ಸೊರಗಿದ ಪ್ರಾಣಿಯಾದರೆ ಜೀವಕ್ಕೇ ಸಂಚಕಾರ. 1982ರಲ್ಲಿ ಬ್ರಿಟನ್ನಿನಲ್ಲಿ ಇದರ ರಕ್ಷಣೆಗೆಂದೇ ಒಂದು ಸಂಘ ಹುಟ್ಟಿಕೊಂಡಿತು. "ಹಾಲು ಬೇಡ, ನೀರಿಡಿ" ಎಂಬುದು ಆ ಸಂಘ ಜನರಿಗೆ ಮತ್ತೆ ಮತ್ತೆ ಹೇಳುತ್ತ ಬಂದಿರುವ ಮಾತು. ಎಂಥ ವಿಚಿತ್ರ ನೋಡಿ... ಮುಳ್ಳಿಲಿ ಹಾಲು ಕುಡಿಯುತ್ತದೆ ಎಂಬ ಒಂದೇ ನಂಬಿಕೆ, ದ್ವೇಷವಿದ್ದಾಗ ಬಡಿದು ಕೊಲ್ಲಿಸಿತು, ಪ್ರೀತಿ ಬಂದ ಮೇಲೆ ಹಾಲೆರೆದು ಕೊಲ್ಲಿಸಿತು. ನಾಗರಪಂಚಮಿಯ ದಿನ ಹಾವಾಡಿಗನ ಬುಟ್ಟಿಯ ಹಾವಿಗೆ ಹಾಲು ಹಿಡಿದ ನಾವು ಅವರನ್ನು ನೋಡಿ ನಗುವ ಹಾಗೂ ಇಲ್ಲ, ಬಿಡಿ.

ಈಗ ಅಂಗಡಿಗಳಲ್ಲಿ ಸಾಕುಪ್ರಾಣಿಯಾಗಿ ಮಾರುವುದು ಇಂಗ್ಲೆಂಡಿನ ಮುಳ್ಳಿಲಿಯಲ್ಲ, ಆಫ್ರಿಕಾ ಮೂಲದ ಕುಳ್ಳ ಜಾತಿ. 1980ರ ದಶಕದ ಕೊನೆಗೆ ಇವನ್ನು ಅಮೆರಿಕಕ್ಕೆ ರಾಶಿರಾಶಿಯಾಗಿ ತರಿಸಿ ಮಾರಿದರು. 1991ರಲ್ಲಿ ಅಲ್ಲಿನ ಕೃಷಿ ಇಲಾಖೆ ಆಮದು ನಿಲ್ಲಿಸಿತು. ಕಾರಣ ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರುವ ಕಾಲುಬಾಯಿ ರೋಗ. ಇವುಗಳ ಜೊತೆ ಅದು ದನಗಳಿಗೆ ಬಂದೀತೆಂಬ ಭಯ. ಬಾಗಿಲು ಮುಚ್ಚಿದ ಮೇಲೆ ಒಳಗಿದ್ದವುಗಳಲ್ಲೇ ಮರಿ ಮಾಡಿಸುತ್ತ ಹೋದರು. ಇವುಗಳಲ್ಲಿ ಕಾಣಿಸುವ ಒಂದು ನರರೋಗದಲ್ಲಿ ಪ್ರಾಣಿ ಮೊದಲು ತೂರಾಡಿ, ನಂತರ ಕಾಲು ಬಿದ್ದು ಸಾಯುತ್ತದೆ. ಮದ್ದಿಲ್ಲ. ವಂಶದಲ್ಲೇ ಹರಿದುಬರುತ್ತದೆ ಎಂದು ವೈದ್ಯರ ಅನುಮಾನ.

ಸಾಕುವವರಿಗೆ ಏನೇನು ಬೇಕು ಎಂದು ಲೆಕ್ಕ ಹಾಕಿದರೆ ಆಸೆ ಅರ್ಧ ಇಳಿಯುತ್ತದೆ. ಅದು ಹಗಲೆಲ್ಲ ಮಲಗಿ ರಾತ್ರಿ ಓಡಾಡುವ ಪ್ರಾಣಿ, ಮಕ್ಕಳು ಶಾಲೆ ಮುಗಿಸಿ ಬಂದಾಗ ಗೊರಕೆ ಹೊಡೆಯುತ್ತಿರುತ್ತದೆ. ಓಡಲು ಚಕ್ರ ಬೇಕು, ಅದೂ ಕಾಲು ಸಿಕ್ಕಿಹಾಕಿಕೊಳ್ಳದಂತೆ ಸಂದಿಲ್ಲದ ಮಟ್ಟಸವಾದ ಚಕ್ರ. ಗೂಡಿನೊಳಗೆ 24ರಿಂದ 29 ಡಿಗ್ರಿ ಶಾಖ ಬೇಕು. ಏಸಿಯನ್ನು 18ಕ್ಕೆ ಇಟ್ಟು ಮಲಗುವ ಮನೆಯಲ್ಲಿ ಅದು ಚಳಿಗೆ ಮರಗಟ್ಟಿ ಏಳದೆಯೇ ಹೋಗಬಹುದು. ನಮ್ಮ ಚೆನ್ನೈಯ ಮೇ ತಿಂಗಳ ಸೆಕೆಯೂ ಅಷ್ಟೇ ಅಪಾಯ. ಹುಳುಹುಪ್ಪಟೆ ಅಥವಾ ಕೊಬ್ಬು ಕಡಿಮೆ ಇರುವ ಬೆಕ್ಕಿನ ಆಹಾರ ಬೇಕು; ಮೊಸರನ್ನದಲ್ಲಿ ಬದುಕುವ ಜೀವವಲ್ಲ. ಆಯಸ್ಸು ಸುಮಾರು ಮೂರರಿಂದ ಐದು ವರ್ಷ. ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದಾದ್ದರಿಂದ ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು. 2019ರಲ್ಲಿ ಅಮೆರಿಕದ ಆರೋಗ್ಯ ಇಲಾಖೆಯವರು "ಮುಳ್ಳಿಲಿಗೆ ಮುತ್ತು ಕೊಡಬೇಡಿ" ಎಂದೇ ಹೇಳಬೇಕಾಗಿ ಬಂತು!

ಇಷ್ಟಕ್ಕೂ ನಮ್ಮದೇ ಮುಳ್ಳಿಲಿ ಇದೆಯಲ್ಲ. ಭಾರತದಲ್ಲಿ ಮೂರು ಜಾತಿಗಳಿವೆ. ಎರಡು ರಾಜಸ್ಥಾನ, ಗುಜರಾತಿನಂಥ ಒಣ ಸೀಮೆಯವು. ಮೂರನೆಯದು ನಮ್ಮ ಮದರಾಸಿನ ಹೆಸರನ್ನೇ ಹೊತ್ತ 'ಮದ್ರಾಸ್ ಹೆಡ್ಜ್‌ಹಾಗ್'. ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಮ್ಯೂಸಿಯಮ್ಮಿನ ಹಾರ್ಸ್‌ಫೀಲ್ಡ್ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟದ್ದು 1851ರಲ್ಲಿ. ಮೇಹ್ಯೂ ಪುಸ್ತಕ ಬಂದ ವರ್ಷವೇ! ಒಂದೇ ಊರು, ಒಂದೇ ವರ್ಷ: ಬೀದಿಯಲ್ಲಿ ಮುಳ್ಳಿಲಿ ವ್ಯಾಪಾರ, ಮ್ಯೂಸಿಯಮ್ಮಿನಲ್ಲಿ ಮದರಾಸಿನ ಮುಳ್ಳಿಲಿಗೆ ನಾಮಕರಣ. ತಿರುನೆಲ್ವೇಲಿ, ತೂತ್ತುಕ್ಕುಡಿ ಕಡೆಯ ಕುರುಚಲು ಬಯಲುಗಳಲ್ಲಿ ಇದು ಇವತ್ತಿಗೂ ಇದೆ. ಮಕ್ಕಳ ನಾಯಿಕೆಮ್ಮಿಗೆ ಇದರ ಮುಳ್ಳು ಮದ್ದು ಎಂಬ ನಂಬಿಕೆಯಿಂದ ಹಿಡಿಯುವವರಿದ್ದಾರೆ. ರಾತ್ರಿ ರಸ್ತೆ ದಾಟುವಾಗ ಗಾಡಿ ಬಂದರೆ ಓಡುವುದಿಲ್ಲ, ಸುತ್ತಿಕೊಂಡು ಕೂರುತ್ತದೆ. ನರಿಯನ್ನು ಸೋಲಿಸಿದ ಉಪಾಯ ಲಾರಿಯ ಚಕ್ರಕ್ಕೆ ನಡೆಯುವುದಿಲ್ಲ. ಇಲ್ಲಿನ ಕಾಡು ಮುಳ್ಳಿಲಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಎಂಬುದೂ ತಿಳಿದಿರಲಿ.

ಎರಡು ಸಾವಿರ ವರ್ಷಗಳಲ್ಲಿ ಮನುಷ್ಯ ಇದನ್ನು ಹವಾಮಾನ ಹೇಳುವುದಕ್ಕೆ ಸಾಕಿದ, ಬಟ್ಟೆ ಬಾಚುವುದಕ್ಕೆ ಸುಲಿದ, ಜಿರಳೆಗೆಂದು ಕೊಂಡ, ಮುದ್ದಿಗೆಂದು ತರಿಸಿದ. ಅದಕ್ಕೆ ಏನು ಬೇಕು ಎಂದು ಕೇಳಿದ್ದು ಮಾತ್ರ ತೀರಾ ಇತ್ತೀಚೆಗೆ. ಊರಿಗೆ ಹೋಗುವಾಗ ಬರುವಾಗ ದಾರಿಬದಿಯಲ್ಲಿ ಗಾಯಗೊಂಡ ಮುಳ್ಳಿಲಿ ಕಂಡರೆ ಮನೆಗೆ ತರಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಅವರು ಬರುವವರೆಗೆ ನೆರಳಿನಲ್ಲಿರಿಸಿ, ಪಕ್ಕದಲ್ಲಿ ಒಂದು ತಟ್ಟೆ ಇಡಿ. ತಟ್ಟೆಯಲ್ಲಿ ನೀರಿರಲಿ.