ಒಂದು ಭಾಷೆ, ಹಲವು ಲಿಪಿ: ಡೊಂಬಿವಲಿಯ ತುಳುವರ ನಿದರ್ಶನ

ಭಾಷೆಗೂ ಲಿಪಿಗೂ ಇರುವ ಸಂಬಂಧ ಸ್ವಾಭಾವಿಕವಾದುದಲ್ಲ, ಚಾರಿತ್ರಿಕವಾದುದು. ಕ್ಯಾಮರೂನಿನ ದಕ್ಷಿಣ ಭಾಗದ ಕ್ವಾಸಿಯೊ ಎಂಬ ಬಂಟು ಭಾಷೆಯನ್ನು ಇಂದು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಆ ಲಿಪಿ ಅಲ್ಲಿಯ ನೆಲದಲ್ಲಿ ಹುಟ್ಟಿದುದಲ್ಲ. ನಮ್ಮ ತುಳುವಿನ ಚರಿತ್ರೆ ಇದಕ್ಕಿಂತ ಜಟಿಲವಾದುದು. ತನ್ನದೇ ಲಿಪಿಯಿದ್ದೂ ಅದು ಅನ್ಯಲಿಪಿಯಲ್ಲಿ ಬೆಳೆಯಿತು. ಈ ಚರಿತ್ರೆಯ ಇತ್ತೀಚಿನ ಅಧ್ಯಾಯವೊಂದನ್ನು ನಾವು ತುಳುನಾಡಿನಿಂದ ದೂರದ ಡೊಂಬಿವಲಿ ಎಂಐಡಿಸಿಯಲ್ಲಿ ಕಾಣುತ್ತೇವೆ.

ತುಳುವಿಗೆ ಲಿಪಿಯಿಲ್ಲವೆಂಬ ಮಾತು ನಿರಾಧಾರವಾದುದು. ಗ್ರಂಥಲಿಪಿಯ ಮೂಲದಿಂದ ಬಂದ ತುಳುಲಿಪಿ ಅಥವಾ ತಿಗಳಾರಿಯಲ್ಲಿ ಅಸಂಖ್ಯ ತಾಳೆಗರಿಗಳಿವೆ. ಅವುಗಳಲ್ಲಿ ಬಹುಪಾಲು ಸಂಸ್ಕೃತ ಗ್ರಂಥಗಳೆಂಬುದನ್ನು ಮರೆಯಲಾಗದು. ಆದರೂ ಕಾಸರಗೋಡು ಸೀಮೆಯ ವಿದ್ವಾಂಸ ವೆಂಕಟರಾಜ ಪುಣಿಂಚತ್ತಾಯರು ಬೆಳಕಿಗೆ ತಂದ 'ಶ್ರೀ ಭಾಗವತೊ' ಮೊದಲಾದ ಕಾವ್ಯಗಳು, ಆ ಲಿಪಿಯಲ್ಲಿ ತುಳು ಕಾವ್ಯರಚನೆಯೂ ನಡೆದಿತ್ತೆಂಬುದನ್ನು ಸ್ಥಾಪಿಸಿವೆ. ಇನ್ನೊಂದೆಡೆ, ತುಳುನಾಡಿನ ನಡುವೆಯೇ ಇದ್ದ ಮೂಡಬಿದಿರೆಯ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ 'ಭರತೇಶವೈಭವ'ವನ್ನು ರಚಿಸಿದ್ದು ಕನ್ನಡದಲ್ಲಿ. ಪೂಜೆ ಮತ್ತು ಶಾಸ್ತ್ರಕ್ಕೆ ಸಂಸ್ಕೃತ, ಕಾವ್ಯಕ್ಕೆ ಹೆಚ್ಚಾಗಿ ಕನ್ನಡ, ಪಾಡ್ದನಕ್ಕೆ ಮತ್ತು ಮನೆಮಾತಿಗೆ ತುಳು ಎಂಬ ವಿಭಾಗಕ್ರಮ ಹೀಗೆ ರೂಢವಾಯಿತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ತುಳುವನ್ನು ಅಚ್ಚಿಗೆ ತಂದಾಗ ಆಯ್ದುಕೊಂಡುದು ಕನ್ನಡ ಲಿಪಿಯನ್ನು. 1847ರ ವೇಳೆಗೆ ಹೊಸ ಒಡಂಬಡಿಕೆಯ ತುಳು ಅನುವಾದ ಪ್ರಕಟವಾಯಿತು. 1872ರಲ್ಲಿ ಬ್ರಿಗೆಲ್ ಅವರ ವ್ಯಾಕರಣವೂ 1886ರಲ್ಲಿ ಮ್ಯಾನರ್ ಅವರ ನಿಘಂಟೂ ಹೊರಬಂದವು. ಆಮೇಲಿನ ತುಳು ಕತೆ, ಕವಿತೆ, ನಾಟಕಗಳು ಈ ದಾರಿಯಲ್ಲಿಯೇ ನಡೆದವು. ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಪಾಡ್ದನದ 15,683 ಸಾಲುಗಳನ್ನು ಲೌರಿ ಹೊಂಕೊ ಮತ್ತು ಸಂಗಡಿಗರು 1998ರಲ್ಲಿ ರೋಮನ್ ಲಿಪಿಯಲ್ಲಿ ಪ್ರಕಟಿಸಿದರು.

2011ರ ಜನಗಣತಿಯಂತೆ ದೇಶದಲ್ಲಿ ತುಳು ಮಾತೃಭಾಷಿಕರು 18,46,427. ಹೋಟೆಲು ಮತ್ತು ಕಾರ್ಖಾನೆಗಳ ಕೆಲಸವನ್ನು ಅರಸಿ ಮುಂಬಯಿಗೆ ಬಂದವರ ಸಂತತಿ ಠಾಣೆ, ಡೊಂಬಿವಲಿ, ಕಲ್ಯಾಣಗಳವರೆಗೆ ಹರಡಿದೆ. ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಮೊದಲ ತಲೆಮಾರಿಗೆ ತುಳು ಪುಸ್ತಕ ಓದುವುದು ಕಷ್ಟವಾಗಲಿಲ್ಲ. ಎಂಐಡಿಸಿ ವಸತಿ ವಿಭಾಗದಲ್ಲಿ ನಾವು ಮಾತನಾಡಿಸಿದ ತರುಣರು ಅಜ್ಜಿಯೊಡನೆ ಸರಾಗವಾಗಿ ತುಳುವಾಡುತ್ತಾರೆ. ಆದರೆ ಅಜ್ಜನ ಕಪಾಟಿನ ತುಳು ಪುಸ್ತಕವನ್ನು ಓದಲಾರರು. ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿ ಕಲಿತ ಅವರು ಮೊಬೈಲಿನಲ್ಲಿ ತುಳುವನ್ನು ರೋಮನ್ನಿನಲ್ಲಿಯೋ ದೇವನಾಗರಿಯಲ್ಲಿಯೋ ಬರೆಯುತ್ತಾರೆ.

ಇದು ಬರಿಯ ಅಕ್ಷರದ ಪ್ರಶ್ನೆಯಲ್ಲ. ಮರಾಠಿಯ ರೂಢಿಯ ದೇವನಾಗರಿಯಲ್ಲಿ ಎ–ಏ, ಒ–ಓ ಭೇದ ಉಳಿಯುವುದಿಲ್ಲ. ಕನ್ನಡ ಲಿಪಿಯೂ ನಿರ್ದೋಷಿಯಲ್ಲ. 'ಯಾನ್ ಬತ್ತೆ' (ನಾನು ಬಂದೆ), 'ಆಯೆ ಬತ್ತೆ' (ಅವನು ಬಂದ) ಎಂಬಲ್ಲಿ ಕೊನೆಯ ಎಕಾರಗಳು ಉಚ್ಚಾರದಲ್ಲಿ ಬೇರೆ, ಮೊದಲನೆಯದು ವಿವೃತ. ಬರಹದಲ್ಲಿ ಎರಡೂ ಒಂದೇ. ಬಲ್ಲವನು ಸಂದರ್ಭದಿಂದ ಸರಿಯಾಗಿ ಓದಿಕೊಳ್ಳುತ್ತಾನೆ, ಅರೆಬಲ್ಲವನು ಎಡವುತ್ತಾನೆ.

2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಸ್ಥಾನ ಪಡೆದುದು ಸಂತೋಷದ ಸಂಗತಿ. ತಾಳೆಗರಿಗಳ ಸಂಪಾದನೆಗೆ ಅದು ನೆರವಾದೀತು. ಆದರೆ ತುಳುಲಿಪಿಯನ್ನಷ್ಟೇ ಕಲಿತ ಡೊಂಬಿವಲಿಯ ತರುಣನಿಗೆ, ಮ್ಯಾನರ್ ಅವರಿಂದ ಇಂದಿನವರೆಗೆ ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು ವಾಙ್ಮಯ ಮುಚ್ಚಿದ ಬಾಗಿಲಾಗಿಯೇ ಉಳಿಯುತ್ತದೆ. ಆದುದರಿಂದ ಹೊರನಾಡಿನಲ್ಲಿ ಕನ್ನಡ ಅಕ್ಷರಾಭ್ಯಾಸವು ತುಳುವಿಗೆ ಪ್ರತಿಸ್ಪರ್ಧಿಯಲ್ಲ, ತುಳುವಿನ ಲಿಖಿತ ಪರಂಪರೆಯ ಕೀಲಿಕೈ. ತುಳುಲಿಪಿ ಅದರ ಜತೆಯಲ್ಲಿ ಬರಲಿ, ಅದರ ಬದಲಿಗೆ ಬೇಡ.

ಹೊರರಾಜ್ಯಗಳ ಸಂಶೋಧಕರಲ್ಲಿ ನಮ್ಮದೊಂದು ವಿನಂತಿ: ತಾಳೆಗರಿಗಳೊಡನೆ ವಲಸಿಗರ ಮನೆಗಳಲ್ಲಿರುವ ಪತ್ರ, ಆಮಂತ್ರಣ, ನಾಟಕದ ಹಸ್ತಪ್ರತಿಗಳನ್ನೂ ಸಂಗ್ರಹಿಸಬೇಕು. ಅವನ್ನು ಬರೆದವರೂ ಓದಬಲ್ಲವರೂ ನಮ್ಮ ನಡುವೆ ಇರುವಾಗಲೇ ಈ ಕಾರ್ಯ ನಡೆಯತಕ್ಕದ್ದು.